ರೊಟ್ಟಿ ಬಡಿತದಿಂದ ಬೀಟ್‌ವರೆಗೆ: ಮನೆಯಲ್ಲೇ ಎಲೆಕ್ಟ್ರಾನಿಕ್ ಸಂಗೀತ ಮಾಡೋದು ಹೇಗೆ

ಅವ್ವ ರೊಟ್ಟಿ ಬಡಿಯುವಾಗ ಒಂದು ಸಲ ಅಡುಗೆಮನೆ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು ಕೇಳಿ. ಹಿಟ್ಟು ದಪ್ಪಗಿರುವಾಗ ಸದ್ದು ‘ದಪ್ ದಪ್’ ಅಂತ ತಳದಿಂದ ಬರುತ್ತದೆ. ರೊಟ್ಟಿ ತೆಳುವಾಗುತ್ತಾ ಹೋದಂತೆ ಅದೇ ಏಟು ‘ಚಪ್ ಚಪ್’ ಆಗುತ್ತದೆ. ಒಂದೊಂದು ಏಟಿಗೂ ಬಳೆ ಝಲ್ ಅನ್ನುತ್ತವೆ. ಹಂಚಿನ ಮೇಲೆ ಹಾಕಿ ನೀರು ಸವರಿದಾಗ ‘ಚುಂಯ್’. ಕಿಕ್, ಸ್ನೇರ್, ಶೇಕರ್, ಹೈ-ಹ್ಯಾಟ್ ಅಂತ ಡ್ರಮ್ ಕಿಟ್‌ನಲ್ಲಿ ಹುಡುಕುವ ನಾಲ್ಕೂ ಜಾಗಕ್ಕೆ ಇಲ್ಲಿ ಒಂದೊಂದು ಸದ್ದು ಇದೆ.

ನಾನು ಕಲಬುರಗಿಯವನು. ಹಗಲು ಅಂಗಡಿ ಕೆಲಸ, ರಾತ್ರಿ ಊಟ ಆದ ಮೇಲೆ ಒಂದೆರಡು ತಾಸು ಲ್ಯಾಪ್‌ಟಾಪ್ ಮುಂದೆ ಸಂಗೀತ. ಓಣಿಯ ಹುಡುಗರು ಬಂದು ‘ಅಣ್ಣಾ, ಇದಕ್ಕೆ ಎಷ್ಟು ರೊಕ್ಕ ಬೇಕು, ಯಾವ ಮಷಿನ್ ತಗೋಬೇಕು’ ಅಂತ ಕೇಳುತ್ತಾರೆ. ಮೊದಲ ಹಾಡಿಗೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ, ನಿಮ್ಮ ಮನೆಯ ಸದ್ದಿನಿಂದಲೇ ಮಾಡಿ ಅಂತ ಹೇಳುತ್ತೇನೆ. ಇಂಟರ್ನೆಟ್‌ನಿಂದ ಇಳಿಸಿಕೊಂಡ ರೆಡಿಮೇಡ್ ಬೀಟ್ ಸಾವಿರಾರು ಜನರ ಹತ್ತಿರ ಇರುತ್ತದೆ. ನಿಮ್ಮ ಅವ್ವನ ಬಳೆ ಸದ್ದು ನಿಮ್ಮ ಹತ್ತಿರ ಮಾತ್ರ ಇದೆ.

ಅವರಿಗೆ ಕಲಿಸುವ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕೈದು ರಾತ್ರಿ ಕೂತರೆ ಒಂದು ನಿಮಿಷದ ಹಾಡು ಸಿದ್ಧವಾಗುತ್ತದೆ.

ಇರೋ ಸಾಮಾನಿನಲ್ಲೇ ಶುರು ಮಾಡಿ

4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್, ವೈರ್ ಇರುವ ಇಯರ್‌ಫೋನ್, ಕೈಯಲ್ಲಿರುವ ಮೊಬೈಲ್. ಇಷ್ಟು ಸಾಕು. ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ. ಕೀ ಒತ್ತಿದ ಮೇಲೆ ಸದ್ದು ತಡವಾಗಿ ಕಿವಿಗೆ ಬರುತ್ತದೆ, ತಾಳ ಹಿಡಿಯಲು ಆಗೋದೇ ಇಲ್ಲ.

ಸಾಫ್ಟ್‌ವೇರ್ ಎರಡು ಬೇಕು. ಒಂದು ಆಡಾಸಿಟಿ, ರೆಕಾರ್ಡ್ ಮಾಡಿದ್ದನ್ನು ಕತ್ತರಿಸಲು. ಇನ್ನೊಂದು ಎಲ್‌ಎಂಎಂಎಸ್, ಹಾಡು ಕಟ್ಟಲು. ಎರಡೂ ಪೂರ್ತಿ ಉಚಿತ, ವಿಂಡೋಸ್‌ಗೂ ಲಿನಕ್ಸ್‌ಗೂ ಸಿಗುತ್ತವೆ. ಎಲ್‌ಎಂಎಂಎಸ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಲು ಆಗಲ್ಲ ಅನ್ನೋದು ಮೊದಲೇ ಗೊತ್ತಿರಲಿ, ಎಷ್ಟೋ ಜನ ಆ ಬಟನ್ ಹುಡುಕಿ ಸುಸ್ತಾಗುತ್ತಾರೆ. ಅದಕ್ಕೇ ಆಡಾಸಿಟಿ ಜೊತೆಗಿರಬೇಕು. ಲ್ಯಾಪ್‌ಟಾಪ್ ಇಲ್ಲದವರು ಮೊಬೈಲ್‌ನಲ್ಲಿ ಬ್ಯಾಂಡ್‌ಲ್ಯಾಬ್ ಹಾಕಿಕೊಳ್ಳಿ. ಹೆಜ್ಜೆಗಳು ಹೆಚ್ಚು ಕಮ್ಮಿ ಇವೇ. ಕ್ರ್ಯಾಕ್ ಮಾಡಿದ ದುಬಾರಿ ಸಾಫ್ಟ್‌ವೇರ್ ಕಡೆ ಹೋಗಬೇಡಿ, ಅದರ ಜೊತೆ ವೈರಸ್ ಬಂದು ಹಾಡಿನ ಫೈಲ್‌ಗಳೂ ಹೋಗುತ್ತವೆ.

ನಾನು ಶುರು ಮಾಡಿದಾಗ ಮೊದಲ ತಿಂಗಳೇ ಆನ್‌ಲೈನ್‌ನಲ್ಲಿ ಒಂದು ಮಿಡಿ ಕೀಬೋರ್ಡ್ (ಲ್ಯಾಪ್‌ಟಾಪ್‌ಗೆ ಜೋಡಿಸಿ ನುಡಿಸುವ, ಪಿಯಾನೊದಂಥ ಮನೆಗಳಿರುವ ಕೀಬೋರ್ಡ್) ತರಿಸಿದೆ. ಡಬ್ಬಿ ತೆಗೆದರೆ ಎರಡು ಮನೆ ಒತ್ತಿದರೂ ಸದ್ದಿಲ್ಲ. ವಾಪಸ್ ಕಳಿಸಿ ಬೇರೆ ಬರುವಷ್ಟರಲ್ಲಿ ಒಂದು ತಿಂಗಳು ಕಳೆಯಿತು. ಆ ತಿಂಗಳಲ್ಲೇ ಲ್ಯಾಪ್‌ಟಾಪ್ ಕೀಲಿಗಳ ಮೇಲೆ ನನ್ನ ಮೊದಲ ಹಾಡು ಮುಗಿಸಿದೆ. ಮೂರು ಹಾಡು ಮುಗಿಸಿದ ಮೇಲೆ ನಿಮಗೆ ಏನು ಬೇಕು ಅನ್ನೋದು ನಿಮಗೇ ಗೊತ್ತಾಗುತ್ತದೆ, ಆಗ ಕೊಳ್ಳಿ.

ಶಹಾಬಾದ್ ಕಲ್ಲಿನ ಕೋಣೆ

ನಮ್ಮ ಕಡೆ ನೆಲಕ್ಕೆ ಶಹಾಬಾದ್ ಕಲ್ಲು. ಹಳೇ ಮನೆಗಳಲ್ಲಿ ಮಾಳಿಗೆಗೂ ಕಲ್ಲಿನ ಚಪ್ಪಡಿ. ಬೇಸಿಗೆಗೆ ತಂಪು, ಆದರೆ ರೆಕಾರ್ಡಿಂಗ್‌ಗೆ ತೊಂದರೆ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ‘ಟರ್ರ್’ ಅಂತ ಬಾಲ ಬಂದರೆ ಸದ್ದು ಎದುರುಬದುರು ಗೋಡೆಗಳ ನಡುವೆ ಪುಟಿಯುತ್ತಿದೆ ಅಂತ ಅರ್ಥ. ಆ ಬಾಲ ರೆಕಾರ್ಡಿಂಗ್‌ನಲ್ಲಿ ಸೇರಿಬಿಟ್ಟರೆ ಆಮೇಲೆ ತೆಗೆಯಲು ಬರುವುದಿಲ್ಲ.

ಇದಕ್ಕೆ ಫೋಮ್ ಕೊಳ್ಳಬೇಕಿಲ್ಲ. ನೆಲಕ್ಕೆ ಜಮಖಾನೆ ಹಾಸಿ. ಎರಡು ಕುರ್ಚಿಗಳ ಬೆನ್ನಿಗೆ ಕೌದಿ ಇಳಿಬಿಟ್ಟು ಮೈಕ್ ಹಿಂದೆ ನಿಲ್ಲಿಸಿ. ಹತ್ತಿಯ ಗಾದಿ ಇದ್ದರೆ ಗೋಡೆಗೆ ಒರಗಿಸಿ. ಕೌದಿ ಮೇಲಿನ ಚುರುಕು ಸದ್ದನ್ನು ಮಾತ್ರ ಹೀರುತ್ತದೆ. ಗಾದಿ ದಪ್ಪಗಿರುವುದರಿಂದ ಇನ್ನೂ ಸ್ವಲ್ಪ ಕೆಳಗಿನವರೆಗೆ ಹೀರುತ್ತದೆ. ಮತ್ತೆ ಚಪ್ಪಾಳೆ ಹೊಡೆದು ನೋಡಿ, ವ್ಯತ್ಯಾಸ ಅಲ್ಲೇ ಕೇಳಿಸುತ್ತದೆ.

ರೆಕಾರ್ಡ್ ಮಾಡೋದು

ಈ ಹೆಜ್ಜೆಗೆ ಒಂದು ಇಡೀ ಬೆಳಗ್ಗೆ ಕೊಡಿ. ಸದ್ದು ಚೆನ್ನಾಗಿ ಸಿಕ್ಕರೆ ಮುಂದಿನ ಅರ್ಧ ಕೆಲಸ ಮುಗಿದ ಹಾಗೆ.

ಮೊಬೈಲ್‌ನಲ್ಲಿ ವೇವ್ ಫೈಲ್ ಕೊಡುವ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಎಷ್ಟೋ ಮೊಬೈಲ್‌ಗಳು ಎಂ4ಎ ಫೈಲ್ ಕೊಡುತ್ತವೆ. ಅದನ್ನು ಎಲ್‌ಎಂಎಂಎಸ್ ತೆಗೆದುಕೊಳ್ಳುವುದಿಲ್ಲ, ಆಡಾಸಿಟಿಗೂ ಅದಕ್ಕಾಗಿ ಇನ್ನೊಂದು ಲೈಬ್ರರಿ ಸೇರಿಸಬೇಕಾಗುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ನಾಯ್ಸ್ ಸಪ್ರೆಶನ್ ಇದ್ದರೆ ಆಫ್ ಮಾಡಿ. ಮಾತಿಗಾಗಿ ಮಾಡಿದ ಆ ಸೌಲಭ್ಯ ರೊಟ್ಟಿ ಬಡಿತವನ್ನು ಗದ್ದಲ ಅಂದುಕೊಂಡು ಅಳಿಸಿಬಿಡುತ್ತದೆ.

ಫ್ಯಾನ್ ಆಫ್. ಫ್ರಿಜ್ ಹತ್ತಿರ ಇದ್ದರೆ ಹತ್ತು ನಿಮಿಷ ಪ್ಲಗ್ ತೆಗೆಯಿರಿ, ಆಮೇಲೆ ಮರೆಯದೆ ಹಾಕಿ. ಗ್ಯಾಸ್ ಉರಿಯ ‘ಹುಸ್’ ಸದ್ದು ಮೈಕ್‌ಗೆ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಮೊದಲ ಒಂದೆರಡು ರೊಟ್ಟಿಯನ್ನು ಒಲೆ ಹಚ್ಚುವ ಮೊದಲೇ ಬಡಿಯಲು ಕೇಳಿಕೊಳ್ಳಿ. ಮೊಬೈಲನ್ನು ಹಲಗೆಯಿಂದ ಒಂದು ಮೊಳ ದೂರ, ಮಡಚಿದ ಟವೆಲ್ ಮೇಲೆ ಇಡಿ. ಟವೆಲ್ ಇಲ್ಲದಿದ್ದರೆ ಏಟಿನ ಅದುರು ಕಲ್ಲಿನ ಮೂಲಕ ನೇರ ಮೊಬೈಲ್‌ಗೆ ಹತ್ತಿ ‘ಗುಡ್’ ಅಂತ ಕೇಳಿಸುತ್ತದೆ. ಮೀಟರ್ ಕೆಂಪು ಮುಟ್ಟಬಾರದು. ಜೋರಾದ ಏಟು ಮೈನಸ್ 6 ಡೆಸಿಬೆಲ್ ಹತ್ತಿರ ನಿಂತರೆ ಸರಿ. ಕೆಂಪಿಗೆ ಹೋದ ಸದ್ದು ಒಡೆದ ಸದ್ದು, ಅದನ್ನು ಪೂರ್ತಿ ರಿಪೇರಿ ಮಾಡುವ ದಾರಿ ಇಲ್ಲ.

ಏನೇನು ಬೇಕು ಅಂದರೆ: ಹಿಟ್ಟಿನ ಉಂಡೆಗೆ ಮೊದಲ ಏಟುಗಳು, ತೆಳುವಾದ ರೊಟ್ಟಿಗೆ ಕೊನೆಯ ಏಟುಗಳು, ಕೈ ಮೇಲೆತ್ತಿ ಬಳೆ ಮಾತ್ರ ಅಲುಗಿಸಿದ್ದು, ಮತ್ತು ಒಲೆ ಹಚ್ಚಿದ ಮೇಲೆ ಹಂಚಿನ ‘ಚುಂಯ್’. ಜೊತೆಗೆ ಒಂದು ಪೂರ್ತಿ ರೊಟ್ಟಿಯನ್ನು ಶುರುವಿನಿಂದ ಕೊನೆವರೆಗೆ ನಿಲ್ಲಿಸದೆ ರೆಕಾರ್ಡ್ ಮಾಡಿ. ಅದು ವೇಗ ಹಿಡಿಯಲು ಬೇಕು. ನಮ್ಮ ಅವ್ವನ ಬಡಿತ ಎಣಿಸಿದೆ: 15 ಸೆಕೆಂಡಿಗೆ 54. ನಿಮಿಷಕ್ಕೆ 216 ಆಯಿತು. ಒಂದು ಬೀಟ್‌ಗೆ ಎರಡು ಏಟು ಅಂತ ಹಿಡಿದರೆ 108 ಬಿಪಿಎಂ, ಅಂದರೆ ನಿಮಿಷಕ್ಕೆ 108 ಬೀಟ್. ನನ್ನ ಹಾಡಿನ ವೇಗ ಅದೇ ಆಯಿತು. ನಿಮ್ಮ ಮನೆಯ ಲೆಕ್ಕ ಬೇರೆ ಬರುತ್ತದೆ, ಅದನ್ನೇ ಇಟ್ಟುಕೊಳ್ಳಿ.

ರೊಟ್ಟಿ ಸದ್ದೇ ಆಗಬೇಕು ಅಂತ ಏನಿಲ್ಲ. ಬೀದರ್‌ನವರಿಗೆ ಬಿದರಿ ಕೆಲಸದ ಉಳಿ-ಸುತ್ತಿಗೆ ಇದೆ. ಸತು-ತಾಮ್ರ ಬೆರೆಸಿದ ಆ ಲೋಹದ ಮೇಲೆ ಬೆಳ್ಳಿ ಕೂರಿಸಲು ಗೆರೆ ಕೊರೆಯುವಾಗ ಬರುವ ‘ಟಿಕ್ ಟಿಕ್’ಗಿಂತ ಒಳ್ಳೆ ಹೈ-ಹ್ಯಾಟ್ ನಾನು ಕೇಳಿಲ್ಲ. ಯಾದಗಿರಿ ಕಡೆಯವರಿಗೆ ಅಲಾಯಿ ಹಬ್ಬದ (ಮೊಹರಂ) ಹಲಗಿ ವಾದ್ಯ ಇದೆ. ಯಾರದೇ ಕೈಕೆಲಸ, ಯಾರದೇ ದನಿ ಆಗಲಿ, ಮೊದಲು ಕೇಳಿ, ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ. ತತ್ವಪದ ಹಾಡುವ ಹಿರಿಯರ ಹತ್ತಿರ ಹೋದರೆ ಇದು ಇನ್ನೂ ಮುಖ್ಯ. ಕಡಕೋಳ ಮಡಿವಾಳಪ್ಪನವರ ಪದ ಹಳೆಯದು, ಎಲ್ಲರದು. ಹಾಡಿದ ಕಂಠ ಅವರದು.

ಕತ್ತರಿಸಿ ಇಡೋದು

ಆಡಾಸಿಟಿಯಲ್ಲಿ ಫೈಲ್ ತೆರೆದು ಅಲೆಯನ್ನು ದೊಡ್ಡದು ಮಾಡಿ. ಏಟು ಶುರುವಾಗುವ ಜಾಗ ಗೋಡೆಯ ಹಾಗೆ ನೆಟ್ಟಗೆ ಎದ್ದಿರುತ್ತದೆ. ಅದಕ್ಕೆ ತೀರಾ ಹತ್ತಿರದಿಂದ ಆಯ್ಕೆ ಮಾಡಿ. ಮುಂದೆ ಖಾಲಿ ಜಾಗ ಬಿಟ್ಟರೆ ಹಾಡಿನಲ್ಲಿ ಏಟು ತಡವಾಗಿ ಬೀಳುತ್ತದೆ. ಕೀಬೋರ್ಡ್‌ನ ಜೆಡ್ ಒತ್ತಿದರೆ ಆಯ್ಕೆಯ ಎರಡೂ ತುದಿ ಅಲೆ ಸೊನ್ನೆಯನ್ನು ದಾಟುವ ಜಾಗಕ್ಕೆ ಸರಿಯುತ್ತವೆ, ಆಗ ‘ಟಕ್’ ಅನ್ನುವ ಅನಗತ್ಯ ಸದ್ದು ಬರುವುದಿಲ್ಲ. ಕೊನೆಯಲ್ಲಿ ಸಣ್ಣ ಫೇಡ್ ಔಟ್ ಕೊಟ್ಟು ವೇವ್ ಆಗಿ ಉಳಿಸಿ. ಹೆಸರು ಸರಿಯಾಗಿ ಇಡಿ: ದಪ್1, ದಪ್2, ಚಪ್1, ಬಳೆ1. ಒಂದೇ ಏಟನ್ನು ಹದಿನಾರು ಸಲ ಬಳಸಿದರೆ ಮಷಿನ್ ಗನ್ ಆಗುತ್ತದೆ. ಅದಕ್ಕೇ ಪ್ರತಿ ಸದ್ದಿಗೂ ಎರಡು ಮೂರು ಬೇರೆ ಬೇರೆ ಏಟು ಇಟ್ಟುಕೊಳ್ಳಿ.

ಹಿಂದೆ ‘ಮ್ಂ’ ಅಂತ ಗುಂಯ್‌ಗುಡುವ ಸದ್ದು ಇದ್ದರೆ ಅದು ಕರೆಂಟಿನದು. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಆ ಸದ್ದು 50, 100, 150ರಲ್ಲಿ ಕೂತಿರುತ್ತದೆ. ಲ್ಯಾಪ್‌ಟಾಪ್‌ಗೇ ಮೈಕ್ ಹಾಕಿ ರೆಕಾರ್ಡ್ ಮಾಡುವವರು ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಮಾಡಿ ನೋಡಿ. ಅರ್ತಿಂಗ್ ಸರಿ ಇಲ್ಲದ ಮನೆಗಳಲ್ಲಿ ಬಹಳ ಸಲ ಅಷ್ಟಕ್ಕೇ ಹೋಗುತ್ತದೆ.

ತಾಳ ಕಟ್ಟೋದು

ಎಲ್‌ಎಂಎಂಎಸ್ ತೆರೆದಾಗ ಟೆಂಪೊ 140 ಇರುತ್ತದೆ. ಅದನ್ನು ನಿಮ್ಮ ಲೆಕ್ಕಕ್ಕೆ ತನ್ನಿ. ಬೀಟ್-ಬೇಸ್‌ಲೈನ್ ಎಡಿಟರ್ ತೆರೆಯಿರಿ. ಹದಿನಾರು ಮನೆಗಳ ಸಾಲು ಕಾಣುತ್ತದೆ. ನಾಲ್ಕು ಮನೆಗೆ ಒಂದು ಬೀಟ್, ಹದಿನಾರಕ್ಕೆ ಒಂದು ಬಾರ್. ಕತ್ತರಿಸಿಟ್ಟ ಫೈಲ್‌ಗಳನ್ನು ಒಂದೊಂದಾಗಿ ಇದರೊಳಗೆ ಎಳೆದು ಹಾಕಿ.

ಕಿಕ್ ಮಾತ್ರ ಯಂತ್ರದಿಂದಲೇ ಮಾಡೋಣ, ಯಾಕಂದರೆ ಅಷ್ಟು ಆಳದ ಸದ್ದು ಹಲಗೆಯಿಂದ ಬರುವುದಿಲ್ಲ. ಎಲ್‌ಎಂಎಂಎಸ್‌ನಲ್ಲಿ ಕಿಕರ್ ಅನ್ನುವ ವಾದ್ಯ ಇದೆ. ಡೊಳ್ಳಿಗೆ ಏಟು ಬಿದ್ದ ಕ್ಷಣ ಚರ್ಮ ಬಿಗಿಯುತ್ತದೆ, ಸ್ವರ ಮೇಲಿರುತ್ತದೆ, ಮರುಕ್ಷಣ ಕೆಳಗೆ ಜಾರುತ್ತದೆ. ಕಿಕರ್ ಮಾಡುವುದೂ ಅದನ್ನೇ. ಸ್ಟಾರ್ಟ್ 150 ಹರ್ಟ್ಸ್, ಎಂಡ್ 46 ಹರ್ಟ್ಸ್ ಇಡಿ. 46 ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಈಗ ಮನೆ ತುಂಬಿ. ಕಿಕ್: 1, 5, 9, 13. ದಪ್: 1, 4, 7, 11. ಚಪ್: 5, 13. ಬಳೆ: ಎಲ್ಲ ಬೆಸ ಮನೆಗಳು. ಚುಂಯ್: 15 ಮಾತ್ರ. ಪ್ಲೇ ಒತ್ತಿ. ಮೊದಲ ಸಲ ಕೇಳಿದಾಗ ಸರಿ ಇದೆ, ಆದರೆ ಜೀವ ಇಲ್ಲ ಅನಿಸುತ್ತದೆ ಅಲ್ವಾ? ಎಲ್ಲ ಏಟೂ ಒಂದೇ ಜೋರಿನಲ್ಲಿ ಬೀಳುತ್ತಿವೆ, ಅದಕ್ಕೆ. ಮನೆಯ ಮೇಲೆ ಮೌಸ್ ಇಟ್ಟು ಚಕ್ರ ತಿರುಗಿಸಿದರೆ ಆ ಏಟಿನ ಜೋರು ಕಮ್ಮಿ ಜಾಸ್ತಿ ಆಗುತ್ತದೆ. ಬಳೆಯನ್ನು ಒಂದು ಬಿಟ್ಟು ಒಂದು ಅರ್ಧಕ್ಕೆ ಇಳಿಸಿ. ದಪ್‌ನಲ್ಲಿ 1 ಜೋರು, 4 ಮೆಲ್ಲಗೆ, 7 ಮಧ್ಯಮ. ಪೂರ್ತಿ ರೊಟ್ಟಿಯ ರೆಕಾರ್ಡಿಂಗ್ ಮತ್ತೆ ಕೇಳಿ, ಅವ್ವ ಎಲ್ಲಿ ಒತ್ತು ಕೊಡುತ್ತಾರೋ ಅದೇ ನಕ್ಷೆ.

ಕಪ್ಪು ಮನೆಗಳು

ಇದು ನನಗೆ ಬಹಳ ಇಷ್ಟವಾದ ಭಾಗ. ಸ್ವರಜ್ಞಾನ ಇಲ್ಲ ಅಂತ ಹಿಂಜರಿಯುವವರು ಇಲ್ಲಿ ಸ್ವಲ್ಪ ನಿಧಾನ ಓದಿ.

ಹಾರ್ಮೋನಿಯಂನಲ್ಲಿ ಬರೀ ಕಪ್ಪು ಮನೆಗಳನ್ನು ತೆಗೆದುಕೊಳ್ಳಿ. ಒಂದು ಸ್ಥಾಯಿಗೆ ಐದು ಇವೆ. ಮೂರರ ಗುಂಪಿನ ಮೊದಲನೆಯದು ಕರಿ ಮೂರು, ಅಂದರೆ ಎಫ್ ಶಾರ್ಪ್. ಅದನ್ನು ಸಾ ಮಾಡಿಕೊಂಡು ಮೇಲೆ ಹೋದರೆ ಸಾ ರಿ ಗ ಪ ಧ, ಭೂಪ್ ರಾಗದ ಸ್ವರಗಳು. ಬಿಳಿ ಮನೆ ಮುಟ್ಟದಿದ್ದರೆ ತಪ್ಪು ಸ್ವರ ಬೀಳುವುದೇ ಇಲ್ಲ. ಅವೇ ಐದು ಮನೆ ಇಟ್ಟುಕೊಂಡು ಸಾ ಮಾತ್ರ ಬದಲಿಸಿದರೆ ರಾಗವೇ ಬದಲಾಗುತ್ತದೆ. ಕರಿ ಒಂದರಿಂದ ಶುರು ಮಾಡಿದರೆ ದುರ್ಗಾ. ಕರಿ ಎರಡರಿಂದ ಧಾನಿ. ಕರಿ ನಾಲ್ಕರಿಂದ ಮೇಘದ ಸ್ವರ. ಕರಿ ಐದರಿಂದ ಮಾಲಕೌಂಸ್. ಕರ್ನಾಟಕ ಸಂಗೀತ ಕಲಿತವರಿಗೆ ಭೂಪ್ ಮೋಹನ, ಮಾಲಕೌಂಸ್ ಹಿಂದೋಳ ಅಂತ ಗುರುತು ಸಿಗುತ್ತದೆ. ಸ್ವರ ಸಿಕ್ಕರೆ ರಾಗ ಬಂತು ಅಂತಲ್ಲ, ನಡೆ ಕಲಿಯಲು ಗುರು ಬೇಕು. ಆದರೆ ಹಾಡು ಕಟ್ಟಲು ಕೂತವರಿಗೆ ಇದೊಂದು ಗಟ್ಟಿ ಮೆಟ್ಟಿಲು.

ಲ್ಯಾಪ್‌ಟಾಪ್‌ನಲ್ಲೇ ನುಡಿಸಬಹುದು. ಎಲ್‌ಎಂಎಂಎಸ್‌ನಲ್ಲಿ ಟ್ರಿಪಲ್ ಆಸಿಲೇಟರ್ ಅನ್ನುವ ಸಿಂಥ್ (ಯಂತ್ರದಿಂದಲೇ ಸ್ವರ ಹುಟ್ಟಿಸುವ ವಾದ್ಯ) ತೆರೆದು ಈ ಕೀಲಿಗಳನ್ನು ಸಾಲಾಗಿ ಒತ್ತಿ: ಜಿ, ಎಚ್, ಜೆ, ಆಮೇಲೆ ಮೇಲಿನ ಸಾಲಿನ 2, 3, 5. ಸಾ ರಿ ಗ ಪ ಧ ಸಾ. ಹತ್ತು ನಿಮಿಷ ಸುಮ್ನೆ ನುಡಿಸಿ. ಕೈಗೆ ಒಂದು ಎಳೆ ತಾನಾಗಿ ಸಿಗುತ್ತದೆ. ಸಿಕ್ಕ ಕೂಡಲೇ ಪಿಯಾನೊ ರೋಲ್‌ನಲ್ಲಿ (ಸ್ವರಗಳನ್ನು ಗೆರೆಗಳಾಗಿ ಬರೆಯುವ ಕಿಟಕಿ) ಬರೆದುಕೊಳ್ಳಿ. ಬೆಳಗ್ಗೆ ನೆನಪಿರುತ್ತದೆ ಅಂತ ಬಿಟ್ಟ ಎಳೆ ನನಗೆ ಯಾವತ್ತೂ ವಾಪಸ್ ಸಿಕ್ಕಿಲ್ಲ.

ಈಗ 46ರ ಮಾತು. ಕೆಳಗಿನ ಎಫ್ ಶಾರ್ಪ್‌ನ ಕಂಪನ 46 ಹರ್ಟ್ಸ್‌ಗಿಂತ ಕೂದಲೆಳೆ ಜಾಸ್ತಿ. ಕಿಕ್ ಅಲ್ಲಿಗೆ ಬಂದು ನಿಂತರೆ ಅದೂ ಸಾ ಹೇಳುತ್ತದೆ, ತಬಲಾದವರು ಸುತ್ತಿಗೆ ಹಿಡಿದು ಶ್ರುತಿ ಕೂಡಿಸುವ ಹಾಗೆ.

ಸಿಂಥ್ ಸದ್ದನ್ನು ತಿದ್ದಲು ಎರಡು ವಿಷಯ ಗೊತ್ತಿದ್ದರೆ ಸಾಕು. ಒಂದು ಲೋ-ಪಾಸ್ ಫಿಲ್ಟರ್. ಶರಣಬಸವೇಶ್ವರ ಜಾತ್ರೆ ಹೊತ್ತಿನಲ್ಲಿ ದೂರದ ಸ್ಪೀಕರ್ ಹಾಡು ಮುಚ್ಚಿದ ಬಾಗಿಲಾಚೆಯಿಂದ ಬರೀ ‘ಧುಮ್ ಧುಮ್’ ಅಂತ ಕೇಳಿಸುತ್ತದಲ್ಲ, ಬಾಗಿಲು ತೆರೆದಂತೆ ಮಾತು, ತಾಳ ಎಲ್ಲ ಬಿಡಿಸಿಕೊಳ್ಳುತ್ತವೆ. ಫಿಲ್ಟರ್‌ನ ಕಟ್‌ಆಫ್ ಅಂದರೆ ಆ ಬಾಗಿಲು. ಎರಡನೆಯದು ಎನ್ವಲಪ್, ಅಂದರೆ ಸದ್ದು ಹೇಗೆ ಏಳುತ್ತದೆ (ಅಟ್ಯಾಕ್), ಹೇಗೆ ನಿಲ್ಲುತ್ತದೆ (ಸಸ್ಟೇನ್) ಅನ್ನೋದು. ಅಟ್ಯಾಕ್ ಸೊನ್ನೆ, ಸಸ್ಟೇನ್ ಇಲ್ಲ ಅಂದರೆ ತಬಲಾದ ಹಾಗೆ ಬಿದ್ದು ಆರುತ್ತದೆ. ಸಸ್ಟೇನ್ ಪೂರ್ತಿ ಇದ್ದರೆ ಹಾರ್ಮೋನಿಯಂ ಹಾಗೆ ಒತ್ತಿದಷ್ಟು ಹೊತ್ತು ನಿಲ್ಲುತ್ತದೆ. ಅಟ್ಯಾಕ್ ನಿಧಾನ ಮಾಡಿದರೆ ಸಾರಂಗಿಯ ಕಮಾನು ಎಳೆದ ಹಾಗೆ ಮೆಲ್ಲಗೆ ಏಳುತ್ತದೆ. ಇನ್ನುಳಿದ ಗುಂಡಿಗಳನ್ನು ಮುಂದಿನ ತಿಂಗಳು ತಿರುಗಿಸಿ.

ಇದರಿಂದ ಮೂರು ಪದರ ಮಾಡಿ. ಒಂದು, ಏಕತಾರಿಯ ಹಾಗೆ ಸಾ-ಪ ಹಿಡಿದು ನಿಲ್ಲುವ ಶ್ರುತಿ, ಕಟ್‌ಆಫ್ ಕಮ್ಮಿ. ಎರಡು, ಎರಡು ಸ್ಥಾಯಿ ಕೆಳಗೆ ಬೇಸ್, ಕಿಕ್ ಬೀಳದ ಜಾಗದಲ್ಲಿ. ಮೂರು, ನಿಮ್ಮ ಎಳೆ. ಒಂದು ಸ್ವರದಿಂದ ಇನ್ನೊಂದಕ್ಕೆ ಮೀಂಡ್ ಬೇಕಾದರೆ ಪಿಯಾನೊ ರೋಲ್‌ನ ಡಿಟ್ಯೂನ್ ಮೋಡ್‌ನಲ್ಲಿ ಸ್ವರವನ್ನು ಜಾರಿಸಬಹುದು. ಒಂದೆರಡು ಕಡೆ ಹಾಕಿದರೂ ಯಂತ್ರದ ಸದ್ದಿಗೆ ಗಂಟಲು ಬಂದ ಹಾಗಾಗುತ್ತದೆ.

ರಾಗ ಮತ್ತು ಯಂತ್ರ ಕೂಡುವುದಿಲ್ಲ ಅಂತ ಯಾರಾದರೂ ಹೇಳಿದರೆ ಮುಂಬೈನ ಚರಣ್‌ಜಿತ್ ಸಿಂಗ್ ಅವರ ಹೆಸರು ಹೇಳಿ. ಸಿನಿಮಾ ಹಾಡುಗಳಿಗೆ ನುಡಿಸುತ್ತಿದ್ದ ಅವರು 1982ರಲ್ಲೇ ರೋಲ್ಯಾಂಡ್ ಕಂಪನಿಯ ಡ್ರಮ್ ಮಷಿನ್, ಬೇಸ್ ಮಷಿನ್, ಸಿಂಥಸೈಜರ್ ಇಟ್ಟುಕೊಂಡು ಹತ್ತು ರಾಗ ನುಡಿಸಿ ದಾಖಲಿಸಿದರು. ಆಗ ಆ ಯಂತ್ರಗಳೇ ಹೊಸವು.

ಜೋಡಿಸೋದು

ಭಜನೆ ಹೇಗೆ ಏರುತ್ತದೆ ನೋಡಿದ್ದೀರಿ. ಮೊದಲು ಏಕತಾರಿ, ಆಮೇಲೆ ತಾಳ, ದಮ್ಮಡಿ, ಕೊನೆಗೆ ಎಲ್ಲರ ದನಿ. ಹಾಡನ್ನು ಹಾಗೇ ಕಟ್ಟಿ. 108ರ ವೇಗದಲ್ಲಿ 27 ಬಾರ್‌ಗೆ ಸರಿಯಾಗಿ ಒಂದು ನಿಮಿಷ. ನಾನು 28 ಇಟ್ಟೆ: 4 ಬಾರ್ ಬರೀ ಶ್ರುತಿ ಮತ್ತು ಬಳೆ, 8 ಬಾರ್ ಕಿಕ್ ಮತ್ತು ದಪ್, ಮುಂದಿನ 8ಕ್ಕೆ ಬೇಸ್ ಮತ್ತು ಎಳೆ, 4 ಬಾರ್ ತಾಳವೆಲ್ಲ ನಿಂತು ಅವ್ವನ ನಿಜವಾದ ರೊಟ್ಟಿ ಬಡಿತ ಹಾಗೇ, ಕೊನೆಯ 4 ಎಲ್ಲ ಸೇರಿ. ಆ ನಡುವಿನ ನಾಲ್ಕು ಬಾರ್‌ನಿಂದಲೇ ಹಾಡು ಎದ್ದು ನಿಂತಿತು.

ಪ್ರತಿ ಹತ್ತು ನಿಮಿಷಕ್ಕೆ ಕಂಟ್ರೋಲ್ ಮತ್ತು ಎಸ್ ಒತ್ತಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಕರೆಂಟ್ ಹೋಗಿ ಮೂರು ರಾತ್ರಿಯ ಕೆಲಸ ಕಳೆದುಕೊಂಡಿದ್ದೇನೆ, ಆ ನೋವು ನಿಮಗೆ ಬೇಡ. ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಲ್ಯಾಪ್‌ಟಾಪ್ ಬಿಸಿಯಾಗಿ ನಿಧಾನವಾಗುತ್ತದೆ, ಸದ್ದು ತುಂಡಾಗುತ್ತದೆ. ಆಗ ಸೆಟ್ಟಿಂಗ್‌ನಲ್ಲಿ ಬಫರ್ (ಸದ್ದನ್ನು ಹೊರಗೆ ಕಳಿಸುವ ಮೊದಲು ಲ್ಯಾಪ್‌ಟಾಪ್ ಕೂಡಿಸಿಟ್ಟುಕೊಳ್ಳುವ ತುಂಡು) ಹೆಚ್ಚಿಸಿ. ಬಫರ್ 256 ಇದ್ದಾಗ ತಡ ಸುಮಾರು 6 ಮಿಲಿಸೆಕೆಂಡ್, 1024 ಮಾಡಿದರೆ 23. ಬೆರಳಲ್ಲಿ ನುಡಿಸುವಾಗ ಕಮ್ಮಿ, ಜೋಡಿಸುವಾಗ ಜಾಸ್ತಿ.

ಮಿಕ್ಸ್

ಎಲ್ಲ ಫೇಡರ್ (ಜೋರು ಏರಿಳಿಸುವ ಪಟ್ಟಿ) ಕೆಳಗಿಳಿಸಿ. ಕಿಕ್ ಮೊದಲು ಏರಿಸಿ, ಆಮೇಲೆ ಬೇಸ್, ಆಮೇಲೆ ಒಂದೊಂದಾಗಿ ಉಳಿದವು. ಒಟ್ಟು ಮೀಟರ್‌ನಲ್ಲಿ ಮೈನಸ್ 6ರಷ್ಟು ಜಾಗ ಉಳಿಸಿ. ಕಿಕ್ ಮತ್ತು ಬೇಸ್ ಬಿಟ್ಟು ಉಳಿದೆಲ್ಲದರ ತಳವನ್ನು 100 ಹರ್ಟ್ಸ್ ಆಸುಪಾಸಿನಲ್ಲಿ ಕತ್ತರಿಸಿ, ಕರೆಂಟಿನ ಗುಂಯ್ ಕೂಡ ಬಹುಪಾಲು ಅಲ್ಲೇ ಹೋಗುತ್ತದೆ. ರಿವರ್ಬ್, ಅಂದರೆ ಕೋಣೆಯ ಪ್ರತಿಧ್ವನಿಯ ಬಾಲ, ಹಾಕುವಾಗ ಜಾಗ ನೆನಪಿಸಿಕೊಳ್ಳಿ. ಅಡುಗೆಮನೆ ಒಂದು ಅಳತೆ. ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿಯಾ ಮಸೀದಿ ಇನ್ನೊಂದು ಅಳತೆ. ಬಯಲು ಅಂಗಳ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಆ ಕಮಾನುಗಳ ಕೆಳಗೆ ನಡೆದವರಿಗೆ ಸದ್ದು ಎಷ್ಟು ಹೊತ್ತು ತೇಲುತ್ತದೆ ಅನ್ನೋದು ಗೊತ್ತು. ಬಡಿತಕ್ಕೆ ಅಡುಗೆಮನೆಯಷ್ಟು, ಎಳೆಗೆ ಅದಕ್ಕಿಂತ ದೊಡ್ಡದು ಸಾಕು. ಎಲ್ಲಕ್ಕೂ ದೊಡ್ಡ ರಿವರ್ಬ್ ಹಾಕಿದರೆ ತಾಳ ಕೆಸರಾಗುತ್ತದೆ.

ಇಯರ್‌ಫೋನ್‌ನಲ್ಲಿ ಜೋರಾಗಿ ಇಟ್ಟು ತಾಸುಗಟ್ಟಲೆ ಕೂರಬೇಡಿ. ಅರ್ಧ ತಾಸಿಗೊಮ್ಮೆ ಎದ್ದು ಹೊರಗೆ ಹೋಗಿ ಬನ್ನಿ.

ಕೊನೆಗೆ ವೇವ್ ಒಂದು, ಎಂಪಿ3 ಒಂದು ಹೊರತೆಗೆಯಿರಿ. ವೇವ್ ನಿಮ್ಮ ಹತ್ತಿರ ಇರಲಿ, ಎಂಪಿ3 ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಬೇರೆ ಬೇರೆ ಸ್ಪೀಕರ್‌ನಲ್ಲಿ ಕೇಳಲೇಬೇಕು. ನಾನು ಗೆಳೆಯನ ಟಂಟಂ ಆಟೊದಲ್ಲಿ ಸೂಪರ್ ಮಾರ್ಕೆಟ್‌ವರೆಗೆ ಹೋಗಿ ಬರುತ್ತಾ ಕೇಳಿದೆ. ಬೇಸ್ ಚೆನ್ನಾಗಿ ಬಂತು. ಮನೆಗೆ ಬಂದು ಅವ್ವನ ಮೊಬೈಲ್‌ನಲ್ಲಿ ಹಾಕಿ ಕೈಗೆ ಕೊಟ್ಟೆ. ಅವ್ವ ಕೊನೆಯವರೆಗೆ ಕೇಳಿ, ‘ಬಳಿ ಸಪ್ಪಳ ಕಮ್ಮಿ ಆಗ್ಯಾದಲ್ಲೋ’ ಅಂದರು. ಮತ್ತೆ ಕೇಳಿದೆ. ಮೊಬೈಲ್‌ನ ಸಣ್ಣ ಸ್ಪೀಕರ್‌ನಲ್ಲಿ ಕಿಕ್ಕೂ ಇಲ್ಲ, ಬೇಸೂ ಇಲ್ಲ, ತಾಳ ಹಿಡಿದಿದ್ದುದು ಬಳೆ ಮಾತ್ರ. ಬೇಸ್‌ಗೆ ಒಂದು ಸ್ಥಾಯಿ ಮೇಲಿನ ಸ್ವರ ಸ್ವಲ್ಪ ಬೆರೆಸಿದೆ, ಬಳೆಯನ್ನು ಮೂರು ಡೆಸಿಬೆಲ್ ಏರಿಸಿದೆ. ‘ರೊಟ್ಟಿ 2’ ಅಂತ ಹೆಸರಿಟ್ಟು ಮತ್ತೆ ಹೊರತೆಗೆದೆ.